ಪ್ರಸಿದ್ಧ ಮಸೀದಿ ನೋಡಲು ಹೊರಟವರಿಗೆ: ಹೊತ್ತು, ಉಡುಪು, ಒಳಗಿನ ನಡೆ

‘ಮುಸ್ಲಿಮರಲ್ಲದವರನ್ನು ಒಳಗೆ ಬಿಡುತ್ತಾರಾ?’ ಇಸ್ತಾಂಬುಲ್‌ಗೋ ಅಬುಧಾಬಿಗೋ ಟಿಕೆಟ್ ಮಾಡಿಸಿದವರು ಮೊದಲು ಕೇಳುವುದು ಇದನ್ನೇ. ಅದರ ಬೆನ್ನಿಗೇ ತಲೆ ಮುಚ್ಚಬೇಕಾ, ಫೋಟೊ ತೆಗೆಯಬಹುದಾ, ದುಡ್ಡು ಕೊಡಬೇಕಾ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಯಾವ ಹೊತ್ತಿಗೆ ಹೋಗಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅಲ್ಲೇ ಎಡವುವುದು. ಬಟ್ಟೆ ಸರಿಯಿಲ್ಲದಿದ್ದರೆ ಬಾಗಿಲಲ್ಲಿ ಒಂದು ನಿಲುವಂಗಿ ಕೊಟ್ಟು ಒಳಗೆ ಕಳಿಸುವ ಮಸೀದಿಗಳು ಬೇಕಾದಷ್ಟಿವೆ. ಹೊತ್ತು ತಪ್ಪಿ ಹೋದರೆ ಹಗ್ಗ ಅಡ್ಡ ಕಟ್ಟಿರುತ್ತದೆ, ಅಷ್ಟೆ.

ಕಾರಣ ಸರಳ. ನಾಲ್ಕುನೂರು ವರ್ಷ ಹಳೆಯದಾಗಿರಲಿ, ನಿನ್ನೆ ಮೊನ್ನೆ ಕಟ್ಟಿದ್ದಾಗಿರಲಿ, ಈ ಕಟ್ಟಡಗಳಲ್ಲಿ ದಿನಕ್ಕೆ ಐದು ಸಲ ನಮಾಜು ನಡೆಯುತ್ತಲೇ ಇರುತ್ತದೆ. ಪ್ರವಾಸಿಗೆ ಸಿಗುವುದು ನಡುವಿನ ಬಿಡುವು. ಆ ಬಿಡುವನ್ನು ಹೇಗೆ ಲೆಕ್ಕ ಹಾಕಬೇಕು, ಒಳಗೆ ಹೋದ ಮೇಲೆ ಏನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

1. ಪ್ರವೇಶ ಇದೆಯೋ ಇಲ್ಲವೋ, ಊರು ಬಿಡುವ ಮೊದಲೇ ತಿಳಿದುಕೊಳ್ಳಿ

ಎಲ್ಲ ಮಸೀದಿಗಳಿಗೂ ಒಂದೇ ನಿಯಮ ಎಂದುಕೊಳ್ಳಬೇಡಿ. ದೇಶದಿಂದ ದೇಶಕ್ಕೆ, ಕೆಲವೊಮ್ಮೆ ಒಂದೇ ಊರಿನ ಎರಡು ಮಸೀದಿಗಳ ನಡುವೆಯೂ ವ್ಯತ್ಯಾಸ ಇರುತ್ತದೆ.

ಮುಸ್ಲಿಮರಿಗಷ್ಟೇ ಮೀಸಲಾದವು: ಮೆಕ್ಕಾ ನಗರಕ್ಕೇ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ, ಹಾಗಾಗಿ ಅಲ್ಲಿನ ಮಸ್ಜಿದ್ ಅಲ್ ಹರಾಮ್ ನೋಡುವ ಮಾತೇ ಇಲ್ಲ. ಮದೀನಾದ ಪ್ರವಾದಿ ಮಸೀದಿಯೂ ಹಾಗೆಯೇ. ಮೊರಾಕೊ ಪ್ರವಾಸಿಗರನ್ನು ಕೈಬೀಸಿ ಕರೆಯುವ ದೇಶ, ಆದರೆ ಅಲ್ಲಿನ ಬಹುತೇಕ ಮಸೀದಿಗಳ ಒಳಗೆ ಮುಸ್ಲಿಮರಲ್ಲದವರು ಹೋಗುವಂತಿಲ್ಲ. ಫೆಜ್ ನಗರದ ಕರವಿಯ್ಯೀನ್ ಮಸೀದಿಯನ್ನು ತೆರೆದ ಬಾಗಿಲಿನಿಂದ ಇಣುಕಿ ನೋಡಿ ತೃಪ್ತಿಪಡಬೇಕು. ದೊಡ್ಡ ಅಪವಾದ ಕಾಸಾಬ್ಲಾಂಕಾದ ಎರಡನೇ ಹಸನ್ ಮಸೀದಿ. ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿ, ಸ್ವಲ್ಪ ಭಾಗ ನೀರಿನ ಮೇಲೇ ನಿಂತಿರುವ ಈ ಮಸೀದಿ 1993ರಲ್ಲಿ ಪೂರ್ಣಗೊಂಡಿತು. ಇಲ್ಲಿಯೂ ಟಿಕೆಟ್ ಕೊಂಡು, ಗೈಡ್ ಜೊತೆಗೆ, ನಿಗದಿತ ಹೊತ್ತಿನ ತಂಡದಲ್ಲೇ ಹೋಗಬೇಕು. ನಿಮ್ಮಷ್ಟಕ್ಕೆ ನೀವು ಸುತ್ತಾಡುವ ಹಾಗಿಲ್ಲ.

ಅಂಗಳದವರೆಗೆ ಮಾತ್ರ ಬಿಡುವವು: ಟ್ಯುನೀಶಿಯಾದ ಕೈರವಾನ್ ಮಸೀದಿಯಲ್ಲಿ ಅಂಗಳಕ್ಕೆ ಹೋಗಬಹುದು, ಪ್ರಾರ್ಥನಾ ಸಭಾಂಗಣವನ್ನು ಬಾಗಿಲಲ್ಲಿ ನಿಂತು ನೋಡಬೇಕು. ಜೆರುಸಲೇಮಿನ ಅಲ್ ಅಕ್ಸಾ ಆವರಣದಲ್ಲೂ ಇಂಥದ್ದೇ ವ್ಯವಸ್ಥೆ. ಮುಸ್ಲಿಮರಲ್ಲದವರಿಗೆ ಒಂದೇ ದಾರಿ: ಪಶ್ಚಿಮ ಗೋಡೆಯ ಪಕ್ಕದಿಂದ ಏರುವ ಮರದ ಸೇತುವೆ ಹಿಡಿದು ಮುಘ್ರಾಬಿ ದ್ವಾರದ ಮೂಲಕ. ಅದೂ ಭಾನುವಾರದಿಂದ ಗುರುವಾರದವರೆಗೆ, ಬೆಳಿಗ್ಗೆ ಕೆಲವು ಗಂಟೆ, ಮಧ್ಯಾಹ್ನ ಇನ್ನೂ ಸ್ವಲ್ಪ ಹೊತ್ತು. ಆವರಣದಲ್ಲಿ ನಡೆಯಬಹುದು, ಚಿನ್ನದ ಗುಮ್ಮಟದ ಕಟ್ಟಡದ ಒಳಗೆ ಹೋಗುವಂತಿಲ್ಲ. ಬೇರೆ ಧರ್ಮದ ಪ್ರಾರ್ಥನಾ ಗ್ರಂಥ, ಪೂಜಾ ಸಾಮಗ್ರಿ ಚೀಲದಲ್ಲಿದ್ದರೆ ತಪಾಸಣೆಯಲ್ಲಿ ಹೊರಗಿಡಿಸುತ್ತಾರೆ. ಭದ್ರತೆಯ ಕಾರಣಕ್ಕೆ ಯಾವ ದಿನ ಬೇಕಾದರೂ ದ್ವಾರ ಮುಚ್ಚಬಹುದು, ಆದ್ದರಿಂದ ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ಪ್ರವಾಸಿಗರಿಗೆ ತೆರೆದವು: ತುರ್ಕಿ, ಈಜಿಪ್ಟ್, ಇರಾನ್, ಮಲೇಷ್ಯಾ, ಇಂಡೋನೇಷ್ಯಾ, ಭಾರತ, ಪಾಕಿಸ್ತಾನ, ಎಮಿರೇಟ್ಸ್, ಒಮಾನ್‌ಗಳ ಹೆಸರಾಂತ ಮಸೀದಿಗಳಲ್ಲಿ ಬಹುಪಾಲು ಈ ಗುಂಪಿನವು. ಇಲ್ಲೂ ‘ಯಾವಾಗ ಬೇಕಾದರೂ’ ಎಂಬರ್ಥವಿಲ್ಲ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಸೀದಿ ಮುಸ್ಲಿಮರಲ್ಲದವರಿಗೆ ತೆರೆದಿರುವುದು ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ, ಶುಕ್ರವಾರ ಅದೂ ಇಲ್ಲ. ತಡವಾಗಿ ತಿಂಡಿ ತಿಂದು ಹೊರಟವರು ಗೇಟು ನೋಡಿ ಬರುತ್ತಾರೆ.

ಮಸೀದಿಯೆಂಬ ಹೆಸರಿದ್ದೂ ಈಗ ಮಸೀದಿಯಲ್ಲದವು: ಸ್ಪೇನಿನ ಕೊರ್ಡೊಬಾದ ‘ಮೆಸ್ಕೀತಾ’ ಶತಮಾನಗಳಿಂದ ಕ್ಯಾಥೆಡ್ರಲ್. ಟಿಕೆಟ್ ಕೊಂಡು ಬೂಟು ಹಾಕಿಕೊಂಡೇ ಹೋಗಬಹುದು. ಅಲ್ಲಿ ನಮಾಜು ಮಾಡಲು ಅನುಮತಿಯಿಲ್ಲ. ಮುಸ್ಲಿಂ ಗೆಳೆಯರು ಜೊತೆಗಿದ್ದರೆ ಮೊದಲೇ ಹೇಳಿಬಿಡಿ, ಒಳಗೆ ಮುಜುಗರ ಬೇಡ.

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಮಾತ್ರ ಯಾವ ಗುಂಪಿಗೂ ಪೂರ್ತಿ ಸೇರುವುದಿಲ್ಲ. 537ರಲ್ಲಿ ಚರ್ಚ್ ಆಗಿ ಶುರುವಾಗಿ, 1453ರಲ್ಲಿ ಮಸೀದಿಯಾಗಿ, 1930ರ ದಶಕದಲ್ಲಿ ಮ್ಯೂಸಿಯಂ ಆಗಿ, 2020ರಲ್ಲಿ ಮತ್ತೆ ಮಸೀದಿಯಾದ ಕಟ್ಟಡ ಇದು. ನೆಲಮಹಡಿ ನಮಾಜಿಗೆ, ಮೇಲಿನ ಗ್ಯಾಲರಿ ಪ್ರವಾಸಿಗರಿಗೆ. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ 25 ಯೂರೊ ಟಿಕೆಟ್ ಇದೆ, ಬಾಗಿಲೂ ಬೇರೆ. ಹಳೆಯ ಪ್ರವಾಸ ಕಥನ ಓದಿಕೊಂಡು ‘ಪ್ರವೇಶ ಉಚಿತ’ ಎಂದು ಹೊರಡುವವರು ಇಲ್ಲಿ ತಪ್ಪು ಸಾಲಿನಲ್ಲಿ ನಿಲ್ಲುತ್ತಾರೆ. ಹತ್ತಿರದಲ್ಲೇ ಇರುವ ಸುಲ್ತಾನ್ ಅಹ್ಮದ್ ಮಸೀದಿಗೆ, ಅಂದರೆ ‘ನೀಲಿ ಮಸೀದಿ’ಗೆ, ಟಿಕೆಟ್ಟೇ ಇಲ್ಲ.

2. ನಮಾಜಿನ ವೇಳೆ ಲೆಕ್ಕ ಹಾಕಿ

ಇದೇ ಮುಖ್ಯ ಹಂತ, ಸ್ವಲ್ಪ ನಿಧಾನವಾಗಿ ಓದಿ. ದಿನದ ಐದು ನಮಾಜುಗಳು: ಬೆಳಕು ಹರಿಯುವ ಮುನ್ನ ಫಜರ್, ಸೂರ್ಯ ನೆತ್ತಿಯಿಂದ ಜಾರಿದ ಮೇಲೆ ಜುಹರ್, ಸಂಜೆಗೆ ಮೊದಲು ಅಸರ್, ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್, ಕತ್ತಲಾದ ಮೇಲೆ ಇಶಾ. ಇವು ಗಡಿಯಾರಕ್ಕಲ್ಲ, ಸೂರ್ಯನಿಗೆ ಕಟ್ಟಿಕೊಂಡ ವೇಳೆಗಳು. ಹಾಗಾಗಿ ಊರು ಬದಲಾದರೆ, ತಿಂಗಳು ಬದಲಾದರೆ ಇವೂ ಬದಲಾಗುತ್ತವೆ.

ಪ್ರವಾಸಿಗೆ ತೊಡಕಾಗುವುದು ಜುಹರ್ ಮತ್ತು ಅಸರ್. ಇಸ್ತಾಂಬುಲ್‌ನ ಉದಾಹರಣೆ ನೋಡಿ. ಜೂನ್ ಕೊನೆಯಲ್ಲಿ ಅಲ್ಲಿ ಜುಹರ್ ಸುಮಾರು 1.10ಕ್ಕೆ, ಅಸರ್ ಸುಮಾರು 5.10ಕ್ಕೆ. ನಡುವೆ ನಾಲ್ಕು ಗಂಟೆ. ಡಿಸೆಂಬರ್ ಕೊನೆಯಲ್ಲಿ ಜುಹರ್ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಆದರೆ ಅಸರ್ 3.25ರ ಸುಮಾರಿಗೇ ಬಂದುಬಿಡುತ್ತದೆ. ದೊಡ್ಡ ಮಸೀದಿಗಳು ಆಜಾನಿಗೆ (ಪ್ರಾರ್ಥನೆಯ ಕರೆಗೆ) ಅರ್ಧ ಗಂಟೆ ಇರುವಾಗಲೇ ಪ್ರವಾಸಿಗರನ್ನು ಹೊರಗೆ ಕಳಿಸಿ, ನಮಾಜು ಮುಗಿದ ಮೇಲೆ ಮತ್ತೆ ಬಿಡುತ್ತವೆ. ಹಿಂದಿನ ನಮಾಜಿಗೆ ಹೋದ ಹೊತ್ತು, ಮುಂದಿನದಕ್ಕೆ ಹೋಗುವ ಹೊತ್ತು ಎರಡನ್ನೂ ಕಳೆದರೆ ಚಳಿಗಾಲದ ಆ ಮಧ್ಯಾಹ್ನದಲ್ಲಿ ಉಳಿಯುವುದು ಒಂದು ಗಂಟೆಯ ಆಸುಪಾಸು. ಅದರಲ್ಲಿ ಸಾಲಿನಲ್ಲಿ ನಿಲ್ಲುವ ಹೊತ್ತೂ ಸೇರಿತು! ಬೆಳಿಗ್ಗೆಯಾದರೆ ಈ ಕಾಟವೇ ಇಲ್ಲ. ಫಜರ್ ಮುಗಿದ ಮೇಲೆ ಜುಹರ್‌ವರೆಗೆ ಕಡ್ಡಾಯದ ನಮಾಜು ಯಾವುದೂ ಇಲ್ಲ. ಶುಕ್ರವಾರ ಬಿಟ್ಟು ಉಳಿದ ಯಾವ ದಿನವಾದರೂ ಸರಿ, ಬೆಳಿಗ್ಗೆ 9ರಿಂದ 11ರೊಳಗೆ ಹೋಗಿ. ಪ್ರಪಂಚದ ಯಾವ ಮೂಲೆಯಲ್ಲೂ ಇದು ಕೈಕೊಡುವುದು ಅಪರೂಪ.

ಮೊಬೈಲ್ ಆ್ಯಪ್ ನೋಡಿ ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ. ಅಸರ್ ವೇಳೆಯನ್ನು ನೆರಳಿನಿಂದ ನಿರ್ಧರಿಸುತ್ತಾರೆ. ನೆಲಕ್ಕೆ ಒಂದು ಕೋಲು ನೆಟ್ಟಿದ್ದೀರಿ ಎಂದುಕೊಳ್ಳಿ. ನಡುಹಗಲಲ್ಲಿ ಇದ್ದ ನೆರಳನ್ನು ಬಿಟ್ಟು, ಮೇಲೆ ಬೆಳೆದ ನೆರಳು ಕೋಲಿನಷ್ಟೇ ಉದ್ದವಾದಾಗ ಅಸರ್ ಶುರು ಎಂಬುದು ಒಂದು ಲೆಕ್ಕ. ಕೋಲಿನ ಎರಡರಷ್ಟಾದಾಗ ಎಂಬುದು ಹನಫಿ ಪಂಥದ ಲೆಕ್ಕ. ದೆಹಲಿ, ಲಾಹೋರ್‌ಗಳಲ್ಲಿ ಸಾಮಾನ್ಯವಾಗಿ ಎರಡನೆಯದು ನಡೆಯುತ್ತದೆ. ತುರ್ಕಿಯ ಜನ ಹೆಚ್ಚಾಗಿ ಹನಫಿಗಳೇ ಆದರೂ ಅಲ್ಲಿನ ಅಧಿಕೃತ ವೇಳಾಪಟ್ಟಿ ಮೊದಲನೆಯದನ್ನು ಹಿಡಿದಿದೆ. ಆ್ಯಪ್‌ನ ಸೆಟ್ಟಿಂಗ್ ತಪ್ಪಿದ್ದರೆ ಮುಕ್ಕಾಲು ಗಂಟೆ, ಒಂದು ಗಂಟೆ ಹೆಚ್ಚುಕಡಿಮೆಯಾಗುತ್ತದೆ. ಮಸೀದಿಯ ಬಾಗಿಲಲ್ಲಿ ಹಾಕಿದ ಫಲಕವನ್ನೇ ನಂಬಿ.

ಆಜಾನ್ ಬೇರೆ, ಜಮಾತ್ (ಎಲ್ಲರೂ ಸಾಲಾಗಿ ನಿಂತು ಒಟ್ಟಿಗೆ ಮಾಡುವ ನಮಾಜು) ಬೇರೆ. ಭಾರತ, ಪಾಕಿಸ್ತಾನದ ಮಸೀದಿಗಳಲ್ಲಿ ಆಜಾನ್ ಆಗಿ ಕಾಲು ಗಂಟೆ, ಅರ್ಧ ಗಂಟೆ ಬಿಟ್ಟು ಜಮಾತ್ ನಿಲ್ಲುವುದುಂಟು. ಗೋಡೆಯ ಮೇಲೆ ಐದಾರು ಗಡಿಯಾರದ ಚಿತ್ರಗಳು ಬೇರೆ ಬೇರೆ ಹೊತ್ತು ತೋರಿಸುತ್ತಿದ್ದರೆ ಅವು ಕೆಟ್ಟ ಗಡಿಯಾರಗಳಲ್ಲ, ಜಮಾತಿನ ವೇಳೆಗಳು. ಮಗ್ರಿಬ್ ಮಾತ್ರ ಎಲ್ಲೆಡೆ ಆಜಾನಿನ ಬೆನ್ನಿಗೇ ನಿಲ್ಲುತ್ತದೆ.

ಶುಕ್ರವಾರ ಜುಹರ್ ಬದಲಿಗೆ ಜುಮಾ. ಪ್ರವಚನವೂ (ಖುತ್ಬಾ) ಇರುವುದರಿಂದ ಹೊತ್ತು ಹಿಡಿಯುತ್ತದೆ, ಜನವೂ ಹಲವು ಪಟ್ಟು. ನೀಲಿ ಮಸೀದಿ ಶುಕ್ರವಾರ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನದ ನಂತರವೇ. ಒಂದೇ ದಿನ ಬಿಡುವಿದ್ದು ಅದೂ ಶುಕ್ರವಾರವಾಗಿದ್ದರೆ ಮೂರು ಗಂಟೆಯ ಮೇಲೆ ಪ್ರಯತ್ನಿಸಿ.

ರಂಜಾನ್ ತಿಂಗಳು ಪ್ರತಿ ವರ್ಷ 10–11 ದಿನ ಹಿಂದಕ್ಕೆ ಸರಿಯುತ್ತದೆ, ಹೊರಡುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ಆ ತಿಂಗಳಲ್ಲಿ ಭೇಟಿಯ ಅವಧಿ ಕಡಿಮೆಯಾಗಬಹುದು, ರಾತ್ರಿ ಇಶಾ ಆದ ಮೇಲೆ ತರಾವೀಹ್ ಎಂಬ ದೀರ್ಘ ನಮಾಜೂ ಇರುತ್ತದೆ. ಆದರೂ ರಂಜಾನ್ ಎಂದು ಹೆದರಿ ಪ್ರವಾಸ ಮುಂದೂಡಬೇಕಿಲ್ಲ. ದೊಡ್ಡ ಮಸೀದಿಗಳ ಅಂಗಳ ಆ ಸಂಜೆಗಳಲ್ಲಿ ಇರುವಷ್ಟು ಚೆನ್ನಾಗಿ ಬೇರೆ ದಿನ ಇರುವುದಿಲ್ಲ.

3. ಚೀಲದಲ್ಲಿ ಇರಬೇಕಾದವು

ಗಂಡಸರು: ಕಣಕಾಲು ಮುಚ್ಚುವ ಪ್ಯಾಂಟು, ತೋಳಿರುವ ಅಂಗಿ. ನಿಯಮವೆಲ್ಲ ಹೆಂಗಸರಿಗೆ ಎಂದುಕೊಂಡು ಚಡ್ಡಿಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುವ ಗಂಡಸರ ಸಂಖ್ಯೆ ಸಣ್ಣದಲ್ಲ. ತೋಳಿಲ್ಲದ ಬನಿಯನ್ ಬಗೆಯದು, ಅಶ್ಲೀಲ ಬರಹ ಅಥವಾ ದೊಡ್ಡ ಚಿತ್ರ ಇರುವ ಟೀ ಶರ್ಟ್ ಬೇಡ. ಟೋಪಿ ಕಡ್ಡಾಯವಲ್ಲ.

ಹೆಂಗಸರು: ಮಣಿಕಟ್ಟಿನವರೆಗೆ ತೋಳು, ಕಣಕಾಲಿನವರೆಗೆ ಸಡಿಲ ಉಡುಪು, ತಲೆಗೆ ಸ್ಕಾರ್ಫ್. ಲೆಗ್ಗಿಂಗ್ಸ್ ಮೇಲೆ ಮೊಣಕಾಲು ದಾಟುವ ಕುರ್ತಾ ಇದ್ದರೆ ಬಹಳ ಕಡೆ ನಡೆಯುತ್ತದೆ. ಬರೀ ಲೆಗ್ಗಿಂಗ್ಸ್ ಎಲ್ಲೂ ನಡೆಯುವುದಿಲ್ಲ. ಮೈ ಕಾಣುವ ತೆಳು ಬಟ್ಟೆ ಎಷ್ಟೇ ಉದ್ದವಿದ್ದರೂ ಪ್ರಯೋಜನವಿಲ್ಲ. ಸ್ಕಾರ್ಫ್ ಸುಮಾರು ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲದ ಹತ್ತಿಯದಾಗಿರಲಿ. ರೇಷ್ಮೆ, ಸ್ಯಾಟಿನ್ ನೋಡಲು ಚಂದ, ಆದರೆ ತಲೆಯ ಮೇಲೆ ನಿಲ್ಲುವುದಿಲ್ಲ. ಗುಮ್ಮಟ ನೋಡಲು ಕತ್ತೆತ್ತಿದ ಕ್ಷಣವೇ ಹಿಂದಕ್ಕೆ ಜಾರುತ್ತದೆ. ಮಸೀದಿಯೊಳಗೆ ನೀವು ಮಾಡುವ ಮುಖ್ಯ ಕೆಲಸವೇ ಕತ್ತೆತ್ತುವುದು. ಗಲ್ಲದ ಕೆಳಗೆ ಒಂದು ಸುತ್ತು ಹಾಕಿ, ತುದಿಯನ್ನು ಎದುರಿನ ಭುಜಕ್ಕೆ ಎಳೆದು ಪಿನ್ ಹಾಕಿದರೆ ಕೈ ಖಾಲಿ.

ಬಾಗಿಲಲ್ಲಿ ಬಟ್ಟೆ ಕೊಡುತ್ತಾರಲ್ಲ ಎಂದು ನಂಬಿ ಹೋಗಬಹುದಾದ ಜಾಗಗಳಿವೆ: ಮಲೇಷ್ಯಾದ ಪುತ್ರ ಮಸೀದಿಯಲ್ಲಿ ಟೋಪಿಯಿರುವ ನಿಲುವಂಗಿ ಕೊಡುತ್ತಾರೆ, ನೀಲಿ ಮಸೀದಿಯಲ್ಲಿ ಸ್ಕಾರ್ಫ್ ಸಿಗುತ್ತದೆ. ಆದರೆ ನೂರಾರು ತಲೆ ಸುತ್ತಿ ಬಂದ ಬಟ್ಟೆ ಅದು. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಯಲ್ಲಿ ಉಡುಪಿನ ತಪಾಸಣೆ ಬಿಗಿ. ಅಲ್ಲಿ ಎರವಲಿನ ಭರವಸೆಯಲ್ಲಿ ಹೋಗದೆ ನಿಮ್ಮದನ್ನೇ ಸರಿಯಾಗಿ ತೊಟ್ಟು ಹೋಗಿ.

ಇವಿಷ್ಟರ ಜೊತೆಗೆ ಕಾಲುಚೀಲ ಎರಡು ಜೊತೆ (ಒಂದು ಒದ್ದೆಯಾಗುವುದು ಖಂಡಿತ), ಚಪ್ಪಲಿ ಹಾಕಲು ಒಂದು ಬಟ್ಟೆಯ ಚೀಲ, ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ, ಸ್ವಲ್ಪ ಚಿಲ್ಲರೆ. ಲೇಸಿನ ಬೂಟು ಹೋಟೆಲಿನಲ್ಲೇ ಇರಲಿ. ಮೂರು ಮಸೀದಿ ನೋಡುವ ದಿನ ಆರು ಸಲ ಲೇಸು ಕಟ್ಟಿ ಬಿಚ್ಚುವುದು ಸಾಮಾನ್ಯ ಶಿಕ್ಷೆಯಲ್ಲ.

4. ಬಾಗಿಲು ಮತ್ತು ಪಾದರಕ್ಷೆ

ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ, ಆದರೆ ಅಧಿಕೃತ ವೆಬ್‌ಸೈಟಿನಲ್ಲಿ ಮೊದಲೇ ಹೆಸರು ನೋಂದಾಯಿಸಿ ಸಮಯ ಕಾಯ್ದಿರಿಸಬೇಕು. ‘ಟಿಕೆಟ್’ ಎಂದು ದುಡ್ಡು ಕೇಳುವ ವೆಬ್‌ಸೈಟುಗಳು ಮಾರುತ್ತಿರುವುದು ಗೈಡ್ ಸೇವೆಯನ್ನೋ ವಾಹನವನ್ನೋ, ಪ್ರವೇಶವನ್ನಲ್ಲ.

ಪಾದರಕ್ಷೆಯ ಶಿಸ್ತು ಇಷ್ಟೇ: ಹೊರಗಿನ ಧೂಳು ಒಳಗಿನ ಕಾರ್ಪೆಟ್‌ಗೆ ತಾಗಬಾರದು. ನಮಾಜು ಮಾಡುವವರು ಅದೇ ಹಾಸಿನ ಮೇಲೆ ಹಣೆ ಇಡುತ್ತಾರೆ ಎಂಬುದು ನೆನಪಿದ್ದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಹೊಸ್ತಿಲ ಹತ್ತಿರ ಒಂದು ಗೆರೆ ಇರುತ್ತದೆ, ಕಲ್ಲು ಮುಗಿದು ಕಾರ್ಪೆಟ್ ಶುರುವಾಗುವ ಜಾಗ. ಒಂದು ಕಾಲಿನ ಬೂಟು ಕಳಚಿ, ಆ ಕಾಲನ್ನು ನೇರ ಕಾರ್ಪೆಟ್ ಮೇಲಿಡಿ, ಆಮೇಲೆ ಇನ್ನೊಂದು. ಜನ ಮಾಡುವ ತಪ್ಪು ಎರಡು. ಬೂಟು ಹಾಕಿಕೊಂಡೇ ಕಾರ್ಪೆಟ್ ಹತ್ತಿ ಅಲ್ಲಿ ಕೂತು ಕಳಚುವುದು ಒಂದು. ಬೂಟನ್ನು ಹೊರಗೆ ದೂರದಲ್ಲೇ ಬಿಟ್ಟು, ಕೊಳಕು ಕಲ್ಲಿನ ಮೇಲೆ ಕಾಲುಚೀಲದಲ್ಲಿ ನಡೆದು ಬಂದು ಅದೇ ಕಾಲನ್ನು ಹಾಸಿನ ಮೇಲಿಡುವುದು ಇನ್ನೊಂದು. ಕೈಯಲ್ಲಿ ಹಿಡಿದು ಒಳಗೆ ಒಯ್ಯುವುದಾದರೆ ಅಟ್ಟೆಗೆ ಅಟ್ಟೆ ಸೇರಿಸಿ ಚೀಲಕ್ಕೆ ಹಾಕಿ. ಒಳಗೆ ಚೀಲ ಕೆಳಗಿಡುವಾಗಲೂ ಅಟ್ಟೆ ಕಾರ್ಪೆಟ್‌ಗೆ ತಾಗದಿರಲಿ.

ದೆಹಲಿಯ ಜಾಮಾ ಮಸೀದಿಯಂತೆ (1656) ಅಂಗಳವೇ ಮುಖ್ಯವಾದ ಕಡೆ ಪಾದರಕ್ಷೆ ಕಳಚಬೇಕಾದದ್ದು ಮೆಟ್ಟಿಲ ಮೇಲಿನ ದ್ವಾರದಲ್ಲೇ. ಸುಮಾರು 25 ಸಾವಿರ ಜನ ಹಿಡಿಯುವ ಬಯಲು ಅದು. ಬೇಸಿಗೆಯ ಮಧ್ಯಾಹ್ನ ಆ ಕೆಂಪು ಕಲ್ಲು ಹೆಂಚಿನಂತೆ ಕಾದಿರುತ್ತದೆ. ಎರಡನೇ ಜೊತೆ ಕಾಲುಚೀಲ ಬೇಕಾಗುವುದು ಆಗ.

ಕೈಕಾಲು ಮುಖ ತೊಳೆಯುವ ನಲ್ಲಿಗಳ ಸಾಲು ಅಥವಾ ಕೊಳ ಕಂಡರೆ ಅದು ವುಜೂಗೆ, ಅಂದರೆ ನಮಾಜಿಗೆ ಮುಂಚಿನ ಶುದ್ಧಿಗೆ. ಪ್ರವಾಸಿಗೆ ಅದು ಕಡ್ಡಾಯವಲ್ಲ. ಮುಟ್ಟಿನ ದಿನಗಳಲ್ಲಿ ಹೋಗಬಹುದೇ ಎಂದು ಹಲವರು ಸಂಕೋಚದಿಂದ ಕೇಳುತ್ತಾರೆ. ಮುಸ್ಲಿಂ ಮಹಿಳೆಯರಿಗೆ ಆ ದಿನಗಳಲ್ಲಿ ನಮಾಜು ಇರುವುದಿಲ್ಲ, ಮಸೀದಿಯಲ್ಲಿ ಉಳಿಯಬಾರದೆಂದು ಹಲವು ಪಂಥಗಳು ಹೇಳುತ್ತವೆ. ಪ್ರವಾಸಿ ಮಹಿಳೆಯರನ್ನು ಈ ಬಗ್ಗೆ ಬಾಗಿಲಲ್ಲಿ ವಿಚಾರಿಸುವ ಪದ್ಧತಿಯಿಲ್ಲ.

5. ಒಳಗೆ ಹೇಗೆ ನಡೆಯಬೇಕು

ಜಮಾತ್ ಇಲ್ಲದ ಹೊತ್ತಿನಲ್ಲೂ ಯಾರಾದರೂ ಒಬ್ಬಿಬ್ಬರು ತಮ್ಮಷ್ಟಕ್ಕೆ ನಮಾಜು ಮಾಡುತ್ತಿರುತ್ತಾರೆ. ಅವರ ಮುಂದೆ ಹಾಯಬೇಡಿ. ಒಳಗಿನ ಎಲ್ಲ ನಿಯಮಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಂತವರ ಕಾಲಿಗೂ ಅವರು ಹಣೆ ಇಡುವ ಜಾಗಕ್ಕೂ ನಡುವಿನ ಒಂದು ಮಾರು ಅವರ ಪ್ರಾರ್ಥನೆಯ ಜಾಗ. ಹಿಂದಿನಿಂದ ಸುತ್ತಿ ಹೋಗಿ, ಎಷ್ಟೇ ದೂರವಾಗಲಿ. ಮುಂದೆ ಒಂದು ಕೋಲೋ ಚೀಲವೋ ಇಟ್ಟುಕೊಂಡು ನಮಾಜಿಗೆ ನಿಂತಿದ್ದರೆ ಅದು ಮರೆತು ಬಿಟ್ಟ ವಸ್ತುವಲ್ಲ. ‘ಸುತ್ರಾ’ ಎನ್ನುತ್ತಾರೆ, ಅಡ್ಡ ಹಾಯುವವರಿಗೆ ಗುರುತು. ಎತ್ತಿಕೊಡಲು ಹೋಗಬೇಡಿ.

ಪ್ರವಾಸಿಗರಿಗೆ ಹಗ್ಗ ಅಥವಾ ಕಟಕಟೆ ಹಾಕಿದ್ದರೆ ಅದರ ಆಚೆ ಹೋಗುವ ಮಾತು ಬಿಡಿ. ಹೆಂಗಸರ ನಮಾಜಿನ ಜಾಗ ಸಾಮಾನ್ಯವಾಗಿ ಹಿಂದೆ ಅಥವಾ ಮೇಲಂತಸ್ತಿನಲ್ಲಿ, ಜಾಲರಿಯ ಮರೆಯಲ್ಲಿ ಇರುತ್ತದೆ. ಗಂಡಸರು ಅತ್ತ ಇಣುಕಬಾರದು. ಕುರ್‌ಆನ್ ಪ್ರತಿಗಳನ್ನು ನೋಡಲೆಂದು ತೆಗೆದು ನೆಲದ ಮೇಲಿಡಬೇಡಿ. ದಂಪತಿ ಕೈಹಿಡಿದು, ಹೆಗಲ ಮೇಲೆ ಕೈಹಾಕಿ ನಡೆಯುವುದು ಬೇಡ. ಅಪರಿಚಿತರ ಜೊತೆ ಮಾತಾಡುವಾಗ ಅವರು ಕೈಚಾಚದೆ ನೀವಾಗಿ ಕೈ ಕುಲುಕಲು ಹೋಗದಿರಿ, ಮುಖ್ಯವಾಗಿ ಗಂಡು ಹೆಣ್ಣಿನ ನಡುವೆ. ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದರೆ ಸಾಕು, ಎಲ್ಲ ಕಡೆ ಅರ್ಥವಾಗುತ್ತದೆ.

ನೀವು ಒಳಗಿರುವಾಗಲೇ ಆಜಾನ್ ಕೂಗಿದರೆ ಗಾಬರಿಯಾಗಿ ಓಡಬೇಕಿಲ್ಲ. ಸಿಬ್ಬಂದಿ ಹೊರಗೆ ಹೋಗಿ ಎಂದರೆ ಹೋಗಿ. ಏನೂ ಹೇಳದಿದ್ದರೆ ಹಿಂದಿನ ಗೋಡೆಗೆ ಸರಿದು ಸುಮ್ಮನೆ ಕೂರಬಹುದೇ ಎಂದು ಕೇಳಿ. ಕೆಲವು ಕಡೆ ಒಪ್ಪುತ್ತಾರೆ. ಒಪ್ಪಿದರೆ ನಮಾಜು ಮುಗಿಯುವವರೆಗೆ ಏಳಬೇಡಿ, ಕ್ಯಾಮೆರಾ ಒಳಗಿರಲಿ.

6. ಏನು ನೋಡಬೇಕು

ಗೈಡ್ ಇಲ್ಲದೆ ಹೋದವರು ಗುಮ್ಮಟ ನೋಡಿ, ದೀಪಗುಚ್ಛ ನೋಡಿ, ಹತ್ತು ನಿಮಿಷಕ್ಕೆ ಹೊರಬರುತ್ತಾರೆ. ಮೊದಲು ಕಿಬ್ಲಾ ಎತ್ತ ಇದೆ ಎಂದು ಹುಡುಕಿ. ಮೆಕ್ಕಾದ ಕಾಬಾ ಇರುವ ದಿಕ್ಕು ಅದು. ಆ ದಿಕ್ಕಿನ ಗೋಡೆಯಲ್ಲಿ ಕಮಾನಿನಂತೆ ಒಳಸರಿದ ಗೂಡು ಮಿಹ್ರಾಬ್, ಇಮಾಮರು ಅದರೆದುರು ನಿಲ್ಲುತ್ತಾರೆ. ಅದರ ಬಲಕ್ಕೆ ಮೆಟ್ಟಿಲಿರುವ ಎತ್ತರದ ಪೀಠ ಮಿಂಬರ್, ಶುಕ್ರವಾರದ ಪ್ರವಚನಕ್ಕೆ. ಇವೆರಡು ಸಿಕ್ಕರೆ ಇಡೀ ಕಟ್ಟಡ ಯಾಕೆ ಹೀಗೆ ತಿರುಗಿ ನಿಂತಿದೆ ಎಂಬುದು ಬಿಚ್ಚಿಕೊಳ್ಳುತ್ತದೆ. ಕಾರ್ಪೆಟಿನ ಮೇಲಿನ ಅಡ್ಡಗೆರೆಗಳು ಅಲಂಕಾರವಲ್ಲ. ಜನ ಭುಜಕ್ಕೆ ಭುಜ ಕೊಟ್ಟು ನಿಲ್ಲುವ ಸಾಲು, ‘ಸಫ್’. ಅಬುಧಾಬಿಯ 5,627 ಚದರ ಮೀಟರಿನ ಕೈನೇಯ್ಗೆಯ ಕಾರ್ಪೆಟಿನಲ್ಲಿ ವಿನ್ಯಾಸ ಕೆಡದಂತೆ ಈ ಗೆರೆಗಳನ್ನು ತುಸು ಉಬ್ಬಾಗಿ ಬಿಟ್ಟಿದ್ದಾರೆ, ಬಗ್ಗಿ ನೋಡಿದರಷ್ಟೇ ಕಾಣುತ್ತವೆ.

ದಿಕ್ಕಿನ ಈ ಹಟ ಎಷ್ಟೆಂದು ನೋಡಬೇಕಾದರೆ ಇರಾನಿನ ಇಸ್ಫಹಾನ್‌ಗೆ ಹೋಗಬೇಕು. ಅಲ್ಲಿನ ದೊಡ್ಡ ಚೌಕ ಹೆಚ್ಚುಕಡಿಮೆ ಉತ್ತರ ದಕ್ಷಿಣಕ್ಕಿದೆ, ಕಿಬ್ಲಾ ನೈಋತ್ಯಕ್ಕೆ. 17ನೇ ಶತಮಾನದ ಆರಂಭದಲ್ಲಿ ಕಟ್ಟಿದ ಶಾಹ್ ಮಸೀದಿಯ ಮುಂಬಾಗಿಲು ಚೌಕಕ್ಕೆ ನೇರವಾಗಿದೆ. ಒಳಗೆ ಕಾಲಿಟ್ಟೊಡನೆ ಕಟ್ಟಡವೇ 45 ಡಿಗ್ರಿ ತಿರುಗಿಕೊಳ್ಳುತ್ತದೆ. ಪಕ್ಕದ ಶೇಖ್ ಲುತ್ಫುಲ್ಲಾ ಮಸೀದಿಗೆ ಮಿನಾರೂ ಇಲ್ಲ, ಅಂಗಳವೂ ಇಲ್ಲ. ಬಾಗಿಲಿನಿಂದ ಗುಮ್ಮಟದ ಕೋಣೆಗೆ ಕತ್ತಲ ಓಣಿಯೊಂದು ಮೂಲೆ ತಿರುಗಿಸಿಕೊಂಡು ಕರೆದೊಯ್ಯುತ್ತದೆ. ಓಣಿಯಲ್ಲಿ ಅವಸರ ಮಾಡದೆ ನಡೆಯಿರಿ. ಕಣ್ಣು ಕತ್ತಲಿಗೆ ಹೊಂದಿಕೊಂಡಷ್ಟೂ ಮುಂದಿನ ಕೋಣೆಯ ಬೆಳಕು ಹೆಚ್ಚು ಕಾಣುತ್ತದೆ.

ನೀಲಿ ಮಸೀದಿಯಲ್ಲಿ (1616ರ ಸುಮಾರು) ಆಗುವ ನಿರಾಸೆಯೊಂದಿದೆ. ಇಜ್ನಿಕ್ ಊರಿನ 20 ಸಾವಿರಕ್ಕೂ ಹೆಚ್ಚು ಹೆಂಚುಬಿಲ್ಲೆಗಳಿವೆ ಎಂದು ಓದಿಕೊಂಡವರು ಗುಮ್ಮಟದತ್ತ ನೋಡಿ ‘ಓಹ್, ಇದೇ’ ಎನ್ನುತ್ತಾರೆ. ಗುಮ್ಮಟದಲ್ಲಿರುವುದು ಬಣ್ಣದ ಚಿತ್ತಾರ. ಬಿಲ್ಲೆಗಳು ಕೆಳಗಿನ ಗೋಡೆ, ಗ್ಯಾಲರಿಗಳಲ್ಲಿವೆ, ಅತಿ ಚೆಂದದವು ಗ್ಯಾಲರಿಯ ಗೋಡೆಯಲ್ಲಿ. ಚಿಕ್ಕ ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಜನಜಂಗುಳಿ ಬೇಡವೆನ್ನುವವರು ಸುಲೇಮಾನಿಯೆಗೆ (1557) ಹೋಗಿ. ಮಹಾಶಿಲ್ಪಿ ಸಿನಾನ್ ಕಟ್ಟಿದ ಈ ಮಸೀದಿಯೇ ನಮ್ಮ ಆಯ್ಕೆ. ಎಣ್ಣೆದೀಪಗಳ ಮಸಿ ಬಾಗಿಲ ಮೇಲಿನ ಒಂದು ಕೋಣೆಗೆ ಹೋಗಿ ಸೇರುವಂತೆ ಗಾಳಿಯ ಹಾದಿ ಮಾಡಿದ್ದರು, ಆ ಮಸಿಯಿಂದ ಶಾಯಿ ತಯಾರಿಸುತ್ತಿದ್ದರು ಎಂದು ಹೇಳುತ್ತಾರೆ.

ಬೆಳಕಿಗಾಗಿಯೇ ಹೋಗಬೇಕಾದದ್ದು ಶಿರಾಜ್‌ನ ನಾಸಿರ್ ಅಲ್ ಮುಲ್ಕ್ ಮಸೀದಿ (1888). ಬಣ್ಣದ ಗಾಜಿನ ಬಾಗಿಲುಗಳಿಂದ ಹಾಸಿನ ಮೇಲೆ ಬಣ್ಣ ಚೆಲ್ಲುವುದು ಬೆಳಗಿನ ಹೊತ್ತು ಮಾತ್ರ, ಸೂರ್ಯ ಕೆಳಗಿರುವ ಚಳಿಗಾಲದಲ್ಲಿ ಹೆಚ್ಚು ಒಳಗಿನವರೆಗೆ. ಮಧ್ಯಾಹ್ನ ಹೋದರೆ ಅದೊಂದು ಸಾಧಾರಣ ಕೋಣೆ. ಜಕಾರ್ತದ ಇಸ್ತಿಕ್ಲಾಲ್ (1978) ಇವೆಲ್ಲಕ್ಕಿಂತ ಬೇರೆ: ಉಕ್ಕು, ಕಾಂಕ್ರೀಟು, 45 ಮೀಟರ್ ವ್ಯಾಸದ ಗುಮ್ಮಟ, ವಿನ್ಯಾಸ ಮಾಡಿದವರು ಫ್ರೆಡರಿಕ್ ಸಿಲಾಬಾನ್ ಎಂಬ ಕ್ರೈಸ್ತ ವಾಸ್ತುಶಿಲ್ಪಿ, ರಸ್ತೆಯಾಚೆಯೇ ಕ್ಯಾಥೆಡ್ರಲ್.

ಎಲ್ಲಿಗೇ ಹೋಗಿ, ಒಂದು ಕಾಲು ಗಂಟೆ ಹಾಸಿನ ಮೇಲೆ ಕುಳಿತುಕೊಳ್ಳಿ. ನಿಂತವರ ಕಣ್ಣಿಗಲ್ಲ, ಕುಳಿತವರ ಕಣ್ಣಿಗೆ ಕಟ್ಟಿದ ಜಾಗಗಳಿವು.

7. ಕ್ಯಾಮೆರಾ

ಫ್ಲ್ಯಾಶ್, ಟ್ರೈಪಾಡ್, ಡ್ರೋನ್ ಬೇಡ. ಪ್ರಾರ್ಥಿಸುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ದೂರದ ಲೆನ್ಸಿನಿಂದಲೂ. ಕಟ್ಟಡದ ಫೋಟೊಗೆ ಯಾರದೂ ತಕರಾರಿಲ್ಲ, ಮಸೀದಿಯನ್ನು ಹಿನ್ನೆಲೆ ಮಾಡಿಕೊಂಡು ಮಾಡೆಲ್‌ಗಳಂತೆ ನಿಲ್ಲುವುದಕ್ಕೆ ಬಹಳ ಕಡೆ ತಕರಾರಿದೆ. ಅಬುಧಾಬಿಯಲ್ಲಿ 2013ರಲ್ಲಿ ಜಗತ್ಪ್ರಸಿದ್ಧ ಪಾಪ್ ಗಾಯಕಿಯೊಬ್ಬರಿಗೇ ಇಂಥ ಫೋಟೊಗಳಿಗಾಗಿ ಹೊರಡಲು ಹೇಳಿದ್ದರು. ಮಾಲಿ ದೇಶದ ಜೆನ್ನೆಯ ಮಣ್ಣಿನ ಮಸೀದಿಯ ಕಥೆ ಇನ್ನೂ ಕಹಿ: 1996ರಲ್ಲಿ ಒಳಗೆ ನಡೆದ ಫ್ಯಾಷನ್ ಫೋಟೊ ಶೂಟ್ ಒಂದರ ಬಳಿಕ ಮುಸ್ಲಿಮರಲ್ಲದವರಿಗೆ ಪ್ರವೇಶವನ್ನೇ ನಿಲ್ಲಿಸಿದರು.

8. ದುಡ್ಡು, ದಲ್ಲಾಳಿಗಳು

ಬಹುತೇಕ ಮಸೀದಿಗಳಿಗೆ ಪ್ರವೇಶ ಶುಲ್ಕವಿಲ್ಲ. ಕೊಡಬೇಕೆನಿಸಿದರೆ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ. ಚಪ್ಪಲಿ ಕಾಯುವವರಿಗೆ, ಬೂಟಿನ ಮೇಲೆ ಗವುಸು ಕಟ್ಟಿಕೊಡುವವರಿಗೆ ಚಿಲ್ಲರೆ ಕೊಡುವುದು ರೂಢಿ. ಹಿಂಬಾಲಿಸಿಕೊಂಡು ಬಂದು ಇತಿಹಾಸ ಶುರುಮಾಡುವವರಿಗೆ ಮೊದಲ ವಾಕ್ಯದಲ್ಲೇ ‘ಬೇಡ, ಧನ್ಯವಾದ’ ಎನ್ನಿ. ಹತ್ತು ನಿಮಿಷ ಕೇಳಿದ ಮೇಲೆ ಹೇಳುವುದು ಕಷ್ಟ. ಇಸ್ತಾಂಬುಲ್‌ನ ಸುಲ್ತಾನ್ ಅಹ್ಮದ್ ಚೌಕದಲ್ಲಿ ‘ಮಸೀದಿ ಈಗ ಮುಚ್ಚಿದೆ, ಬನ್ನಿ, ಅಲ್ಲಿಯವರೆಗೆ ಟೀ ಕುಡಿಯೋಣ’ ಎನ್ನುವ ಸ್ನೇಹಜೀವಿಗಳು ಕರೆದೊಯ್ಯುವುದು ಕಾರ್ಪೆಟ್ ಅಂಗಡಿಗೆ. ಮುಚ್ಚಿದೆಯೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ಸ್ವತಃ ನೋಡಿ. ಎರಡನೇ ಹಂತದ ಲೆಕ್ಕ ನಿಮ್ಮ ಬಳಿ ಇದ್ದರೆ ಅವರ ಮಾತು ನಿಜವೋ ಸುಳ್ಳೋ ನಿಂತಲ್ಲೇ ತಿಳಿಯುತ್ತದೆ.

ಹೊರಬರುವಾಗ ಒಂದು ವಿಷಯ. ದೊಡ್ಡ ಮಸೀದಿಗಳಲ್ಲಿ ಒಳಹೋಗುವ ಬಾಗಿಲು ಒಂದು, ಹೊರಬರುವುದು ಇನ್ನೊಂದು. ಪಾದರಕ್ಷೆಯನ್ನು ಒಳಹೋಗುವ ಕಡೆಯ ಗೂಡಿನಲ್ಲಿ ಬಿಟ್ಟಿದ್ದರೆ ಕಾಲುಚೀಲದಲ್ಲೇ ಇಡೀ ಕಟ್ಟಡ ಸುತ್ತಿ ಬರಬೇಕಾಗುತ್ತದೆ, ಮಳೆಯಿದ್ದರೂ. ಆ ಬಟ್ಟೆಯ ಚೀಲ ಇರುವುದು ಇದಕ್ಕೇ.